ಕೊನೆಗೆ ಇಳಿದವನು

ತರಬೇತಿ ಹಡಗು 'ಕಾನ್‌ಸ್ಟನ್ಸ್'
ಸೆವರ್ನ್ ನದಿ
ಭಾನುವಾರ, ೧೨ ಸೆಪ್ಟೆಂಬರ್ ೧೯೫೪

ಪ್ರೀತಿಯ ಅಪ್ಪನಿಗೆ,

ನಾನು ಕ್ಷೇಮ. ನೀವೂ ಕ್ಷೇಮವೆಂದು ನಂಬಿದ್ದೇನೆ. ಇಲ್ಲಿ ಹವೆ ಚೆನ್ನಾಗಿದೆ. ಊಟ ಚೆನ್ನಾಗಿದೆ. ಅಧಿಕಾರಿಗಳು ನಮ್ಮನ್ನು ಚೆನ್ನಾಗಿ ನೋಡಿಕೊಳ್ಳುತ್ತಾರೆ. ದೋಣಿ ಪಂದ್ಯದಲ್ಲಿ ನಮ್ಮ ತಂಡ ಎರಡನೆಯದಾಗಿ ಬಂತು. ನನಗೆ ನಾಯಕನ ತೋಳಪಟ್ಟಿ ಕೊಟ್ಟಿದ್ದಾರೆ. ನೀವೂ ಇದೇ ಹಡಗಿನಲ್ಲಿ ಇದೇ ಪಟ್ಟಿ ಕಟ್ಟಿದವರು ಎಂದು ತರಬೇತಿ ಅಧಿಕಾರಿ ಕ್ರಾಡಕ್ ಸಾಹೇಬರು ಎಲ್ಲರ ಮುಂದೆ ಹೇಳಿದರು. ಕ್ರಿಸ್‌ಮಸ್ ಹೊತ್ತಿಗೆ ತರಬೇತಿ ಮುಗಿದು, ಹಡಗಿನಲ್ಲಿ ಕೆಲಸಕ್ಕೆ ಸೇರಲು ಬೇಕಾದ ನಾವಿಕರ ಪುಸ್ತಕ ಕೈಗೆ ಬರುತ್ತದೆ. ಬೇರೆ ವಿಶೇಷವಿಲ್ಲ.

ನಿಮ್ಮ ವಿಧೇಯ ಮಗ,
ಆಸ್ವಿನ್ ಹೆಸ್ಲಪ್


'ಕಾನ್‌ಸ್ಟನ್ಸ್'
ಬುಧವಾರ, ೧೫ ಸೆಪ್ಟೆಂಬರ್

ಅಪ್ಪ,

ಭಾನುವಾರದ ಕಾಗದ ಸಿಕ್ಕಿದ್ದರೆ ಅದನ್ನು ಒಲೆಗೆ ಹಾಕಿ. ಬರೆದದ್ದನ್ನು ಲಕೋಟೆ ಅಂಟಿಸದೆ ಕ್ರಾಡಕ್ ಮೇಜಿನ ಮೇಲೆ ಇಡಬೇಕು, ಅವರು ಓದಿದ ಮೇಲೆಯೇ ಅದು ಅಂಚೆಗೆ ಹೋಗುವುದು. ನಿಮ್ಮ ಕಾಲದಲ್ಲೂ ಹೀಗೇ ಇತ್ತೋ ಏನೋ. ಇದನ್ನು ಹಾಲಿನ ದೋಣಿಯ ಮುದುಕ ಪ್ರಾಸರ್ ಕೈಗೆ ಕೊಡುತ್ತಿದ್ದೇನೆ. ಅವನು ಟೋಪಿಯೊಳಗೆ ಇಟ್ಟುಕೊಂಡು ದಡದಲ್ಲಿ ಅಂಚೆಗೆ ಹಾಕುತ್ತಾನೆ. ನೀವು ಉತ್ತರ ಬರೆದರೆ ಅವನ ವಿಳಾಸಕ್ಕೇ ಬರೆಯಿರಿ, ಕಾಗದದ ಹಿಂಬದಿಯಲ್ಲಿ ಬರೆದಿದ್ದೇನೆ.

ನಿಮ್ಮನ್ನು ಒಂದು ಮಾತು ಕೇಳಬೇಕು. ಬೇರೆ ಯಾರನ್ನೂ ಕೇಳುವ ಹಾಗಿಲ್ಲ.

ಬೆಳಗಿನ ಹತ್ತುವಿಕೆ ನಿಮಗೆ ಗೊತ್ತು. ಸೀಟಿ ಊದಿದ ಕೂಡಲೇ ಅರವತ್ತು ಹುಡುಗರೂ ಬರಿಗಾಲಲ್ಲಿ ಹಾಯಿಕಂಬ ಹತ್ತಿ, ತುದಿ ದಾಟಿ, ಆ ಕಡೆಯ ಹಗ್ಗದ ಏಣಿಯಲ್ಲಿ ಇಳಿಯಬೇಕು. ಕೊನೆಗೆ ಇಳಿದವನನ್ನು ನಾವು 'ಬಾಲ' ಅನ್ನುತ್ತೇವೆ. ಬಾಲಕ್ಕೆ ಗಂಟುಹಗ್ಗದ ಎರಡು ಏಟು, ಬೆನ್ನ ಮೇಲೆ, ಎಲ್ಲರೂ ನೋಡುವಂತೆ. ಹೊಡೆಯುವ ಕೆಲಸ ತೋಳಪಟ್ಟಿಯವನದು. ಅರವತ್ತು ಜನ ಎಷ್ಟೇ ಬೇಗ ಇಳಿದರೂ ಒಬ್ಬ ಕೊನೆಯವನು ಇದ್ದೇ ಇರುತ್ತಾನಲ್ಲ ಅಪ್ಪ? ಪಟ್ಟಿ ನನ್ನ ತೋಳಿಗೆ ಬರುವವರೆಗೆ ಇದು ನನಗೆ ಹೊಳೆದೇ ಇರಲಿಲ್ಲ ನೋಡಿ. ಯಾರಾದರೂ ಒಬ್ಬ ದಿನಾ ತಿನ್ನಲೇಬೇಕು.

ಆ ಒಬ್ಬ ಯಾವಾಗಲೂ ನೆವಿಲ್ ಟ್ರಿಕೆಟ್. ಡಾರ್ಬಿಯಲ್ಲಿ ಬೇಕರಿ ನಡೆಸುವವರ ಮಗ, ಹದಿನೈದು ವರ್ಷ. ಸಮುದ್ರ ನೋಡಿದ್ದೇ ಇಲ್ಲಿಗೆ ಬಂದ ಮೇಲೆ. ದೋಣಿಯಲ್ಲಿ ಚುರುಕು, ಹಾಯಿಬಟ್ಟೆಯ ಹೊಲಿಗೆಯಲ್ಲಿ ನಮಗಿಂತ ಮುಂದೆ, ಎತ್ತರ ಅಂದರೆ ಮಾತ್ರ ಕೈಕಾಲು ಕಲ್ಲು.

"ನಿಮ್ಮನೇಲಿ ಏಣಿ ಇರ್ಲಿಲ್ವೇನೋ?" ಅಂತ ಕೇಳಿದೆ.

"ಇತ್ತು ಕಣೋ. ಹಿಟ್ಟಿನ ಮೂಟೆ ಇಳಿಸೋಕೆ. ನಾಲ್ಕೇ ಮೆಟ್ಟಿಲು," ಅಂದ.

ಪಟ್ಟಿ ಬಂದ ಮೇಲೆ ನಾನು ಒಂದು ಉಪಾಯ ಮಾಡಿದೆ. ತುದಿಯಲ್ಲಿ ಕಾಲಿಗೆ ಹಗ್ಗ ಸಿಕ್ಕಿದ ಹಾಗೆ ಮಾಡಿ ನಿಲ್ಲುತ್ತಿದ್ದೆ. ನೆವಿಲ್ ಇಳಿದ ಮೇಲೆ ನಾನು ಇಳಿಯುತ್ತಿದ್ದೆ. ಹೀಗೆ ಒಂಬತ್ತು ದಿನ ನಾನೇ ಬಾಲ. ಪಟ್ಟಿಯವನೇ ಬಾಲವಾದರೆ ಕ್ರಾಡಕ್ ಸ್ವತಃ ಹೊಡೆಯುತ್ತಾರೆ. ನನ್ನ ಬೆನ್ನಿನ ವಿಷಯ ಅಮ್ಮನಿಗೆ ಬರೆಯಬೇಡಿ.

ಹತ್ತನೆಯ ದಿನ ಅವರಿಗೆ ಗುಟ್ಟು ತಿಳಿಯಿತು. "ಹೆಸ್ಲಪ್, ನೀನು ಬಾಲ ಆಗೋ ಪೈಕಿ ಅಲ್ಲ. ನನ್ನ ಕಣ್ಣಿಗೇ ಮಣ್ಣೆರಚ್ತೀಯಾ?" ಅಂದರು. "ಒಂದನೇ ತಾರೀಖಿಂದ ನೀನು ಹತ್ತೋದು ಬೇಡ, ಕೆಳಗೇ ನಿಲ್ಲು, ಹಗ್ಗ ನಿನ್ನ ಕೈಲಿ. ಹೊಡಿ. ಆಗಲ್ಲ ಅಂದ್ರೆ ಪಟ್ಟಿ ಬಿಚ್ಚಿಟ್ಟು ಹೋಗು. 'ನಾವಿಕ ವೃತ್ತಿಗೆ ಅನರ್ಹ' ಅಂತ ನಾನು ಬರೆದ ಮೇಲೆ ಯಾವ ಹಡಗು ನಿನ್ನ ಹತ್ತಿಸ್ಕೊಳ್ಳತ್ತೋ ನೋಡೋಣ."

ನನಗೆ ಹಡಗು ಬೇಕು ಅಪ್ಪ. ಐದು ವರ್ಷದವನಿದ್ದಾಗಿಂದ ಬೇರೆ ಏನನ್ನೂ ಬಯಸಿಲ್ಲ, ನಿಮಗೇ ಗೊತ್ತು. ಆದರೆ ನೆವಿಲ್‌ನನ್ನು ಹೊಡೆಯಲು ನನ್ನ ಕೈ ಏಳುವುದಿಲ್ಲ. ನೀವೂ ಪಟ್ಟಿ ಕಟ್ಟಿದವರು. ನೀವು ಏನು ಮಾಡುತ್ತಿದ್ದಿರಿ? ಒಂದನೇ ತಾರೀಖಿನೊಳಗೆ ಬರೆಯಿರಿ.

ಆಸ್ವಿನ್


ಎಸ್.ಎಸ್. 'ಹಾರ್ಟನ್ ಮೂರ್'
ರೊಸಾರಿಯೊ, ಅರ್ಜೆಂಟೀನಾ
೨೩ ಸೆಪ್ಟೆಂಬರ್ ೧೯೫೪

ಮಗನೇ,

ನಿನ್ನ ಕಾಗದ ಈ ಬೆಳಿಗ್ಗೆ ಬಂತು. ಗೋಧಿ ತುಂಬುತ್ತಿದ್ದಾರೆ, ಧೂಳಿಗೆ ಕಣ್ಣು ಬಿಡುವ ಹಾಗಿಲ್ಲ, ಆದರೂ ಮೂಟೆಯ ಮೇಲೆ ಕೂತು ಬರೆಯುತ್ತಿದ್ದೇನೆ. ಇವತ್ತೇ ವಿಮಾನದ ಅಂಚೆಗೆ ಹಾಕಿದರೆ ನಿನ್ನ ತಾರೀಖಿಗೆ ಸರಿಯಾಗಿ ತಲುಪುತ್ತದೆ.

ಹೊಡಿ.

ಇದಕ್ಕಿಂತ ಉದ್ದ ಬರೆಯುವ ಅಗತ್ಯವಿಲ್ಲ, ಆದರೂ ಬರೆಯುತ್ತೇನೆ. ನಾನು ಈ ಹಡಗಿನ ಬೋಸನ್, ಡೆಕ್ಕಿನ ಆಳುಗಳ ಮೇಸ್ತ್ರಿ. ಇಪ್ಪತ್ತಮೂರು ಜನ ನನ್ನ ಕೈಕೆಳಗೆ. ಬಿಸ್ಕೆ ಕೊಲ್ಲಿಯಲ್ಲಿ ಅಲೆ ಡೆಕ್ಕಿನ ಮೇಲೆ ಮುರಿದು ಬೀಳುವಾಗ ಯಾವನಿಗೂ "ಸ್ವಲ್ಪ ಬೇಗ ಬಾಪ್ಪ" ಎಂದು ಗಲ್ಲ ಹಿಡಿಯಲು ಆಗುವುದಿಲ್ಲ. ನಿಧಾನದವನು ಸಾಯುತ್ತಾನೆ, ಪಕ್ಕದವನನ್ನೂ ಕರೆದುಕೊಂಡು ಹೋಗುತ್ತಾನೆ. ಆ ಹುಡುಗನಿಗೆ ಇವತ್ತು ಎರಡು ಏಟು ಬಿದ್ದರೆ ನಾಳೆ ಪ್ರಾಣ ಉಳಿಯುತ್ತದೆ. ನೀನು ಅವನ ಬದಲು ಏಟು ತಿಂದು ಅವನಿಗೇನು ಕಲಿಸಿದೆ? ಮೇಲೆ ನಿಂತು ಗಾಳಿ ಕುಡಿಯುವುದನ್ನು.

ನಾನು ಏನು ಮಾಡುತ್ತಿದ್ದೆ ಎಂದು ಕೇಳಿದ್ದೀಯ. ಹೊಡೆಯುತ್ತಿದ್ದೆ. ಎಲ್ಲರೂ ಹೊಡೆಯುತ್ತಿದ್ದರು. ಯಾರಿಗೂ ಏನೂ ಆಗಲಿಲ್ಲ. ಮೊದಲ ದಿನ ಕಷ್ಟ, ಆಮೇಲೆ ಅಭ್ಯಾಸವಾಗುತ್ತದೆ.

ಮೂರು ತಿಂಗಳು ಹಲ್ಲು ಕಚ್ಚಿಕೊಂಡಿರು. ಪುಸ್ತಕ ಕೈಗೆ ಬರಲಿ. ಆಮೇಲೆ ಎಲ್ಲವನ್ನೂ ಸೆವರ್ನ್ ಕೆಸರಲ್ಲಿ ಬಿಟ್ಟು ಬಂದುಬಿಡು. ನಾನೂ ಹಾಗೇ ಮಾಡಿದ್ದು.

ನಿನ್ನ ಅಪ್ಪ,
ರಾಲ್ಫ್ ಹೆಸ್ಲಪ್


ಸೌತ್ ಶೀಲ್ಡ್ಸ್
೭ ಅಕ್ಟೋಬರ್ ೧೯೫೪

ರೀ,

ನಿಮ್ಮ ಕಾಗದ ಬಂತು. ಮೂರು ಪುಟ. ಎರಡೂವರೆ ಪುಟ ಗೋಧಿ ಧೂಳು, ಅಡುಗೆಯವನು ಹಾಳುಮಾಡಿದ ದನದ ಮಾಂಸ, ಎರಡನೇ ಮೇಟ್ ಅಧಿಕಾರಿಯ ಮೂರ್ಖತನ. ಕೊನೆಗೆ ಅರ್ಧ ಪುಟ, ಮಗನಿಗೆ 'ಹೊಡಿ' ಎಂದು ಬರೆದೆ ಅಂತ. ಬರೆದು ಎದೆಯುಬ್ಬಿಸಿಕೊಂಡು ಕೂತಿದ್ದೀರಿ, ಇಲ್ಲಿಗೇ ಕಾಣಿಸುತ್ತದೆ.

ನಾನು ಹಡಗು ಕಂಡವಳಲ್ಲ. ಮೀನು ಕರಿದು ಮಾರುವ ಅಂಗಡಿಯಲ್ಲಿ ಆಲೂಗಡ್ಡೆ ಹೆಚ್ಚಿ, ಕರಿದು, ಜೀವ ತೇಯುವವಳು. ನಿಮ್ಮ ಸಮುದ್ರದ ವಿಷಯಕ್ಕೆ ಬಾಯಿ ಹಾಕಿದವಳೂ ಅಲ್ಲ. ಆದರೆ ಈ ಸಲ ಹಾಕುತ್ತೇನೆ.

ಗಿಲ್ಬರ್ಟ್ ಯಾರು?

ಮದುವೆಯಾಗಿ ಇಪ್ಪತ್ತು ವರ್ಷವಾಯಿತು. ಆಫ್ರಿಕಾದಿಂದ ತಂದುಕೊಂಡ ಆ ಹಾಳು ಜ್ವರ ನಿಮಗೆ ಏರಿದಾಗಲೆಲ್ಲ ನಾನು ಹಣೆಗೆ ಬಟ್ಟೆ ಒದ್ದೆ ಮಾಡಿ ಹಾಕುತ್ತೇನೆ, ನೀವು ನನ್ನ ಮಣಿಕಟ್ಟು ಹಿಡಿದುಕೊಂಡು "ಗಿಲ್ಬರ್ಟ್, ಏಣಿ ಬಿಡಬೇಡ, ನಾನು ಹೊಡೆಯೋಲ್ಲ, ನಿಧಾನಕ್ಕೆ ಇಳಿ" ಎಂದು ಗೋಗರೆಯುತ್ತೀರಿ. ಹೆಂಗಸಿನ ಹೆಸರಾಗಿದ್ದರೆ ಆವತ್ತೇ ಕೇಳಿರುತ್ತಿದ್ದೆ. ಗಂಡಸರ ನೋವಿನ ಜಾಗ, ಮುಟ್ಟಬಾರದು ಎಂದು ಸುಮ್ಮನಿದ್ದೆ. ಸುಮ್ಮನಿದ್ದದ್ದು ನನ್ನದೇ ತಪ್ಪು ಅನಿಸುತ್ತಿದೆ ಈಗ.

ಜ್ವರದಲ್ಲಿ "ಹೊಡೆಯೋಲ್ಲ" ಅನ್ನುವ ಮನುಷ್ಯ ಎಚ್ಚರವಿದ್ದಾಗ ಮಗನಿಗೆ "ಹೊಡಿ" ಅನ್ನುತ್ತಾನೆ. ಇದರಲ್ಲಿ ಯಾವ ರಾಲ್ಫ್‌ನನ್ನು ನಾನು ನಂಬಲಿ? ನೀವು ನನಗೆ ಉತ್ತರ ಕೊಡದಿದ್ದರೂ ಚಿಂತೆಯಿಲ್ಲ. ಮಗನಿಗೆ ಬರೆಯಿರಿ. ಮೊದಲು ಬರೆಯಿರಿ, ಆಮೇಲೆ ಊಟ ಮಾಡಿ.

ನಿಮ್ಮ ಉಣ್ಣೆ ಕಾಲುಚೀಲ ಇನ್ನೂ ಹೆಣೆದು ಮುಗಿದಿಲ್ಲ. ಸಿಟ್ಟಿನಲ್ಲಿ ಹೆಣೆದರೆ ಬಿಗಿಯಾಗುತ್ತದೆ.

ಹನ್ನಾ


'ಕಾನ್‌ಸ್ಟನ್ಸ್'
ಭಾನುವಾರ, ೧೦ ಅಕ್ಟೋಬರ್ ೧೯೫೪

ಪ್ರೀತಿಯ ಅಪ್ಪನಿಗೆ,

ನಾನು ಕ್ಷೇಮ. ನೀವೂ ಕ್ಷೇಮವೆಂದು ನಂಬಿದ್ದೇನೆ. ಹವೆ ತಣ್ಣಗಿದೆ. ಊಟ ಚೆನ್ನಾಗಿದೆ. ನಿಮ್ಮ ಮಾತಿನಂತೆ ನಡೆಯುತ್ತಿದ್ದೇನೆ. ಕ್ರಾಡಕ್ ಸಾಹೇಬರು ಮೆಚ್ಚಿಕೊಂಡಿದ್ದಾರೆ. ಅಭ್ಯಾಸ ಇನ್ನೂ ಆಗಿಲ್ಲ.

ನಿಮ್ಮ ವಿಧೇಯ ಮಗ,
ಆಸ್ವಿನ್ ಹೆಸ್ಲಪ್


ಎಸ್.ಎಸ್. 'ಹಾರ್ಟನ್ ಮೂರ್'
ಮಾಂಟೆವಿಡಿಯೊ
೧೮ ಅಕ್ಟೋಬರ್ ೧೯೫೪

ಆಸ್ವಿನ್,

ಪ್ರಾಸರ್ ಈ ಕಾಗದವನ್ನು ನಿನ್ನ ಕೈಗೆ ಕೊಡುವ ಹೊತ್ತಿಗೆ ಎಷ್ಟು ದಿನವಾಗಿರುತ್ತದೋ ತಿಳಿಯದು. ಹಗ್ಗ ಕೆಳಗಿಡು. ಇದನ್ನು ಓದಿ ಮುಗಿಸುವ ಮೊದಲೇ ಇಡು. ಪಟ್ಟಿ ಬಿಚ್ಚು ಅಂದರೆ ಬಿಚ್ಚಿಕೊಡು. ಮನೆಗೆ ಹೋಗು ಅಂದರೆ ಮನೆಗೆ ಹೋಗು. ನನ್ನ ಹಿಂದಿನ ಕಾಗದದಲ್ಲಿ ಒಂದು ಸುಳ್ಳು ಇತ್ತು. ಯಾರಿಗೂ ಏನೂ ಆಗಲಿಲ್ಲ ಎಂದು ಬರೆದಿದ್ದೆ. ನಿನ್ನ ಅಮ್ಮ ಸರಿಯಾಗಿ ಅಲ್ಲಿಗೇ ಕೈಹಾಕಿ ಹಿಡಿದಳು.

೧೯೨೧ರ ಫೆಬ್ರವರಿ. ಹೊಡೆಯುವ ಹಗ್ಗ ನನ್ನ ಕೈಯಲ್ಲಿ. ನಮ್ಮ ಕಾಲದ ಬಾಲ ಗಿಲ್ಬರ್ಟ್ ಟೈಸನ್, ವೈಟ್‌ಹೇವನ್ ಊರಿನವನು. ಸಂದುಬಿಟ್ಟ ಹಲ್ಲು, ಸದಾ ನಗು, ಬಾಯಲ್ಲಿ ಸೀಟಿ. ಹನ್ನೊಂದು ದಿನ ಸಾಲಾಗಿ ಅವನನ್ನು ಹೊಡೆದೆ. ಐದನೆಯ ದಿನದಿಂದ ಅವನ ಸೀಟಿ ನಿಂತಿತು. ನನಗೆ ಅದು ಗೆಲುವು ಅನಿಸಿತ್ತು, ನೋಡು.

ಹನ್ನೆರಡನೆಯ ದಿನ ಹಗ್ಗಗಳ ಮೇಲೆಲ್ಲ ಹಿಮ ಕಟ್ಟಿತ್ತು. ಮೇಲಿನಿಂದ ಅವನು ನನ್ನನ್ನೇ ನೋಡಿದ. ಎಲ್ಲರೂ ಅವನಿಗಿಂತ ಕೆಳಗಿದ್ದರು. ಏಣಿ ಬಿಟ್ಟು, ಕಂಬವನ್ನು ಡೆಕ್ಕಿಗೆ ಬಿಗಿದ ತಂತಿ ಹಿಡಿದು ಜಾರಿ ಇಳಿದರೆ ಇಬ್ಬರನ್ನಾದರೂ ಹಿಂದೆ ಹಾಕಬಹುದು ಅಂದುಕೊಂಡನೋ ಏನೋ. ಹಿಮ ಕಟ್ಟಿದ ತಂತಿ. ಕೈ ನಿಲ್ಲಲಿಲ್ಲ. ನನ್ನ ಕಾಲಿನಿಂದ ಎರಡು ಮಾರು ದೂರಕ್ಕೆ ಬಂದು ಬಿದ್ದ. ಡಾಕ್ಟರರ ದೋಣಿ ಬರುವ ಹೊತ್ತಿಗೆ ಮುಗಿದಿತ್ತು.

ಮಾರನೆಯ ದಿನ ಒಂದು ಕಾಗದ ತಂದರು. 'ಹುಡುಗ ಹುಡುಗಾಟಕ್ಕೆ ತಂತಿಯಲ್ಲಿ ಜಾರಿ ಬಿದ್ದ. ಯಾರ ತಪ್ಪೂ ಇಲ್ಲ.' ನಮ್ಮ ಕಾಲದಲ್ಲಿ ಪಟ್ಟಿ ಕಟ್ಟಿದವರು ಐದು ಜನ, ಎಲ್ಲರೂ ಸಹಿ ಮಾಡಬೇಕಿತ್ತು. ಮೊದಲ ಸಹಿ ನನ್ನದು. ಪೆನ್ನು ಕೊಟ್ಟ ಅಧಿಕಾರಿ, "ಸತ್ತವನು ಎದ್ದು ಬರಲ್ಲ, ನಿನ್ನ ಬದುಕು ಯಾಕೆ ಹಾಳು ಮಾಡ್ಕೋತೀಯ?" ಅಂದ. ನನಗೂ ಆ ಮಾತೇ ಬೇಕಾಗಿತ್ತು.

ನಾಲ್ಕು ದಿನ ಕಳೆದು ಅವನ ತಾಯಿ ಅವನ ಬಟ್ಟೆಬರೆಯ ಪೆಟ್ಟಿಗೆ ಒಯ್ಯಲು ಬಂದಳು. ಅದನ್ನು ದೋಣಿಗೆ ಇಳಿಸಲು ನನ್ನನ್ನೇ ಕಳಿಸಿದರು. ದೋಣಿಯಲ್ಲಿ ಅವಳು ನನ್ನ ತೋಳು ಹಿಡಿದುಕೊಂಡು ಕೇಳಿದಳು: "ನಮ್ಮ ಗಿಲ್ಬರ್ಟ್ ಮಂಗಾಟ ಆಡೋ ಹುಡುಗ ಅಲ್ಲಪ್ಪ. ನೀನು ಅಲ್ಲೇ ಇದ್ಯಂತೆ. ನಿಜ ಹೇಳು."

"ಆಡ್ತಿದ್ದ ಅಮ್ಮಾ," ಅಂದೆ.

ಅವಳು ನನ್ನ ತೋಳು ಬಿಟ್ಟಳು.

ಅದರ ಮೇಲೆ ನನಗೆ ನಾವಿಕರ ಪುಸ್ತಕ ಸಿಕ್ಕಿತು, ಹಡಗು ಸಿಕ್ಕಿತು, ನಿನ್ನ ಅಮ್ಮ ಸಿಕ್ಕಳು, ನೀನು ಸಿಕ್ಕಿದೆ. ಎಲ್ಲ ಸಿಕ್ಕಿದರೂ ಆ ಒಂದು ಮಾತನ್ನು ಬಾಯಿಂದ ಹಿಂದಕ್ಕೆ ತೆಗೆದುಕೊಳ್ಳುವುದು ಆಗಲಿಲ್ಲ. ನೀನು ಆ ಹಡಗಿಗೇ ಸೇರುತ್ತೇನೆ ಅಂದಾಗ ನಾನು ತಡೆಯಬೇಕಿತ್ತು. ಮಗ ಅಲ್ಲಿಂದ ಸರಿಯಾಗಿ ಬಂದರೆ ನನ್ನದೂ ಸರಿಹೋಗುತ್ತದೆ ಎಂಬ ದುರಾಸೆ ಇತ್ತು. ಈಗ ನನಗೇ ಅಸಹ್ಯವಾಗುತ್ತಿದೆ.

ಆ ಬೇಕರಿ ಹುಡುಗ ನಿಧಾನಕ್ಕೆ ಇಳಿಯಲಿ. ದಿನವಿಡೀ ಬೇಕಾದರೂ ಇಳಿಯಲಿ.

ಅಪ್ಪ


ಸೌತ್ ಶೀಲ್ಡ್ಸ್
ಶುಕ್ರವಾರ, ೫ ನವೆಂಬರ್ ೧೯೫೪

ಅಪ್ಪ,

ನಾನು ಮನೆಗೆ ಬಂದಿದ್ದೇನೆ. ಅಮ್ಮ ಬಟಾಣಿ ಪುಡ್ಡಿಂಗ್ ಮಾಡಿ ಮುಂದಿಟ್ಟಿದ್ದಾಳೆ. ತಿಂದು ಬರಿ ಅನ್ನುತ್ತಾಳೆ. ಬರೆದು ತಿನ್ನುತ್ತೇನೆ.

ನಿಮ್ಮ ಕಾಗದ ನನ್ನ ಕೈ ಸೇರಿದ್ದು ಮಂಗಳವಾರ, ಅಕ್ಟೋಬರ್ ೨೬. ನೆವಿಲ್ ಬಿದ್ದದ್ದು ೧೪ನೇ ತಾರೀಖು. ನಾನು ಸಹಿ ಮಾಡಿದ್ದು ೨೦ನೇ ತಾರೀಖು.

ಹೌದು ಅಪ್ಪ. ಅದೇ ಕಾಗದ. ಮಾತುಗಳೂ ಹೆಚ್ಚುಕಡಿಮೆ ಅವೇ. 'ಹುಡುಗಾಟಕ್ಕೆ ಜಾರಿ ಬಿದ್ದ.'

ಮೊದಲಿಂದ ಹೇಳುತ್ತೇನೆ. ಒಂದನೇ ತಾರೀಖಿನ ಬೆಳಿಗ್ಗೆ ಹಾಲಿನ ಜೊತೆ ನಿಮ್ಮ 'ಹೊಡಿ' ಬಂತು. ಒಂದು ಗಂಟೆ ಕಳೆದ ಮೇಲೆ ಹೊಡೆದೆ. ನೆವಿಲ್ ಬೆನ್ನು ತಿರುಗಿಸಿ ನಿಂತಾಗ, "ನೀನಾ?" ಅಂದ, ಅಷ್ಟೇ. ದಿನಾ ಎರಡು. ಮೆತ್ತಗೆ ಹೊಡೆದರೆ ಕ್ರಾಡಕ್ ಮತ್ತೆ ಎಣಿಸಲು ಹೇಳುತ್ತಿದ್ದರು, ಆದ್ದರಿಂದ ಗಟ್ಟಿಯಾಗಿಯೇ ಹೊಡೆದೆ. ೧೪ನೇ ತಾರೀಖು ಮಳೆ ಬಂದು ನಿಂತಿತ್ತು. ಅವನು ಅರ್ಧ ದಾರಿಯಲ್ಲಿ ಏಣಿ ಬಿಟ್ಟು ತಂತಿಗೆ ಹಾರಿದ. ನಾನು "ಬೇಡ ಕಣೋ" ಎಂದು ಕೂಗಿದ್ದು ನಿಜವೋ, ಆಮೇಲೆ ಹಾಗೆ ಅಂದುಕೊಂಡದ್ದೋ, ನನಗೇ ಸಂದೇಹ. ಕೆಳಗೆ ಒಣಗಲು ಹಾಕಿದ್ದ ಹಾಯಿಬಟ್ಟೆಯ ಮೇಲೆ ಬಿದ್ದದ್ದರಿಂದ ಜೀವ ಉಳಿಯಿತು. ತೊಡೆಯ ಮೂಳೆ ಎರಡು ಕಡೆ ಮುರಿದಿದೆ. ಒಂದು ಕಾಲು ಗಿಡ್ಡವಾಗುತ್ತದೆ ಎಂದು ಡಾಕ್ಟರರು ಹೇಳಿದ್ದಾರೆ. ಅವನಿಗೆ ಇನ್ನು ಹಡಗಿಲ್ಲ.

ಸಹಿ ಮಾಡುವಾಗ ನಿಮ್ಮನ್ನೇ ನೆನೆದುಕೊಂಡೆ. ಹಲ್ಲು ಕಚ್ಚಿಕೊಂಡಿರು ಅಂದಿದ್ದಿರಲ್ಲ. ನಿಮ್ಮ ಮೇಲೆ ತಪ್ಪು ಹೊರಿಸಲು ಬರೆಯುತ್ತಿಲ್ಲ. ಹಗ್ಗ ಹಿಡಿದದ್ದು ನನ್ನ ಕೈ.

ನಿಮ್ಮ ಎರಡನೆಯ ಕಾಗದವನ್ನು ದೋಣಿಮನೆಯ ಹಿಂದೆ ನಿಂತು ಓದಿದೆ. ಗಿಲ್ಬರ್ಟ್‌ನ ತಾಯಿಯ ಮಾತು ಬಂದ ಕಡೆ ಓದಲು ಆಗಲಿಲ್ಲ, ಕೂತುಬಿಟ್ಟೆ. ನಿಮ್ಮ ಮೇಲೆ ಸಿಟ್ಟಾಗಬೇಕೋ ನಿಮ್ಮನ್ನು ತಬ್ಬಿಕೊಳ್ಳಬೇಕೋ ಗೊತ್ತಾಗಲಿಲ್ಲ. ಮಾರನೆಯ ದಿನ ಕ್ಯಾಪ್ಟನ್ ವೆರೆಕರ್ ಅವರ ಕೋಣೆಗೆ ಹೋಗಿ ಸಹಿ ವಾಪಸ್ ಬೇಕು ಅಂದೆ.

ಅವರು ಕೆಟ್ಟವರಲ್ಲ. ಬಹಳ ಸುಸ್ತಾದವರ ಹಾಗೆ ಕಣ್ಣುಜ್ಜಿಕೊಂಡು, "ಶಾಯಿ ಆರಿದೆ ಹೆಸ್ಲಪ್," ಅಂದರು.

"ಹಾಗಾದ್ರೆ ಬಿಳಿ ಕಾಗದ ಕೊಡಿ ಸಾರ್. ಇನ್ನೊಂದು ಬರೀತೀನಿ."

"ಇನ್ನು ಎಂಟು ವಾರ ಇದೆ ನಿನಗೆ. ಲಿವರ್‌ಪೂಲಿನಲ್ಲಿ ಹಡಗು ಗೊತ್ತುಮಾಡಿದೀನಿ. ನೀನು ಇನ್ನೊಂದು ಬರೆದ್ರೆ ಆ ಹುಡುಗನ ಕಾಲು ಕೂಡ್ಕೊಳ್ಳತ್ತಾ?"

"ಇಲ್ಲ ಸಾರ್."

"ಮತ್ತೆ?"

ಕಾಗದ ಬೇಕು ಎಂದು ಅಲ್ಲೇ ನಿಂತೆ. ಬಾಗಿಲಲ್ಲಿದ್ದ ಕ್ರಾಡಕ್, "ನಿಮ್ಮಪ್ಪನಿಗೆ ಗೊತ್ತಾದ್ರೆ ಮುಖಕ್ಕೆ ಉಗೀತಾನೆ ನಿಂಗೆ. ಎಂಥ ನಾವಿಕ ಅವನು!" ಅಂದರು.

"ನಮ್ಮಪ್ಪನೇ ಬರೆದಿರೋದು ಸಾರ್," ಅಂದುಬಿಟ್ಟೆ. ಏನು ಬರೆದಿದ್ದೀರಿ ಎಂದು ಹೇಳಲಿಲ್ಲ. ಅಷ್ಟು ಬಾಯಿಬಿಟ್ಟದ್ದಕ್ಕೆ ಕ್ಷಮಿಸಿ.

ಶನಿವಾರ ಹೊರಹಾಕಿದರು. ಪುಸ್ತಕವಿಲ್ಲ. ಪ್ರಮಾಣಪತ್ರದಲ್ಲಿ 'ನಾವಿಕ ವೃತ್ತಿಗೆ ಅನರ್ಹ' ಎಂದು ಕ್ರಾಡಕ್ ಕೈಬರಹ. ಪ್ರಾಸರ್ ನನ್ನ ಪೆಟ್ಟಿಗೆಯನ್ನು ತನ್ನ ಹಾಲಿನ ಡಬ್ಬಿಗಳ ನಡುವೆ ಇಟ್ಟುಕೊಂಡು ದಡ ಮುಟ್ಟಿಸಿದ. ಕಾಸು ಮುಟ್ಟಲಿಲ್ಲ.

ಭಾನುವಾರ ಗ್ಲಾಸ್ಟರ್ ಆಸ್ಪತ್ರೆಗೆ ಹೋದೆ. ನೆವಿಲ್ ಕಾಲನ್ನು ಹಗ್ಗ, ರಾಟೆ ಕಟ್ಟಿ ಮೇಲಕ್ಕೆ ತೂಗುಹಾಕಿದ್ದಾರೆ. ಪಕ್ಕದಲ್ಲಿ ಅವನ ಅಮ್ಮ ಸೇಬು ಹೆಚ್ಚಿ ಬಾಯಿಗೆ ಇಡುತ್ತಿದ್ದರು. ತೋಳಿನವರೆಗೆ ಸುಟ್ಟ ಕಲೆಗಳಿರುವ, ದಪ್ಪ ಕೈಯ ಹೆಂಗಸು. ನಾನು ಅವನ ಗೆಳೆಯನೆಂದು ತಿಳಿದು ಕುರ್ಚಿ ಎಳೆದುಕೊಟ್ಟರು.

"ಬಾಪ್ಪ, ನೀನಾದ್ರೂ ಹೇಳು ಇವನಿಗೆ. ಹಡಗು ಅಂದ್ರೆ ಸರ್ಕಸ್ಸಾ? ತಂತಿ ಮೇಲೆ ಮಂಗನ ಹಾಗೆ ಜಾರೋದಾ? ಇವರಪ್ಪ ಅಂಗಡಿ ಹಿಂದೆ ಹೋಗಿ ಅಳ್ತಾರೆ. ಇವನಿಗೆ ಒಂದು ಚೂರು ಬುದ್ಧಿ ಇದ್ದಿದ್ರೆ!" ಸೇಬು ಇಡುತ್ತಲೇ ಬೈಯುತ್ತಿದ್ದರು. ನೆವಿಲ್ ಸುಮ್ಮನೆ ಅಗಿಯುತ್ತಿದ್ದ. ಅವನು ನನ್ನ ಕಡೆ ನೋಡಲಿಲ್ಲ.

ನಾನು ನಿಂತುಕೊಂಡೇ ಎಲ್ಲ ಹೇಳಿದೆ. ಬಾಲ ಅಂದರೇನು, ಹಗ್ಗ ಯಾರ ಕೈಯಲ್ಲಿತ್ತು, ಹದಿಮೂರು ದಿನದಲ್ಲಿ ಎಷ್ಟು ಏಟು, ಸಹಿ ಯಾರದು. ನಡೆದದ್ದನ್ನೆಲ್ಲ ಬರೆದುಕೊಂಡು ಹೋಗಿದ್ದ ಕಾಗದವನ್ನು ಅವರ ಮಡಿಲಲ್ಲಿ ಇಟ್ಟೆ. ನನ್ನ ಕೆನ್ನೆಗೆ ಹೊಡೆಯುತ್ತಾರೆ ಅಂದುಕೊಂಡೆ. ಹೊಡೆದಿದ್ದರೆ ಚೆನ್ನಾಗಿರುತ್ತಿತ್ತು.

ಅವರು ನನ್ನ ಕಡೆ ತಿರುಗಲೇ ಇಲ್ಲ. ಚಾಕು ಕೆಳಗಿಟ್ಟು ಮಗನ ಮುಖವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. "ಹದಿನೇಳು ದಿನದಿಂದ ನಿನ್ನ ಬೈತಾ ಇದೀನಲ್ಲೋ ಕಂದ! ಯಾಕೋ ಹೇಳ್ಲಿಲ್ಲ? ಯಾಕೋ ಬೈಸ್ಕೊಂಡೆ?"

"ಹೇಳಿದ್ರೆ ಆಸ್ವಿನ್‌ಗೆ ಹಡಗು ಸಿಗಲ್ಲ ಅಂತ ಕ್ರಾಡಕ್ ಅಂದ್ರಮ್ಮ," ಅಂದ ನೆವಿಲ್.

ಅಪ್ಪ, ನಾನು ಆಸ್ಪತ್ರೆಯ ವಾರ್ಡಿನ ನಡುವೆ, ಅಷ್ಟು ಜನರ ಮುಂದೆ, ಗೊಳೋ ಎಂದು ಅತ್ತೆ. ಒಬ್ಬ ನರ್ಸ್ ಬಂದು ಯಾರು ಸತ್ತರು ಎಂದು ಕೇಳಿದಳು.

ಹೊರಡುವಾಗ ನೆವಿಲ್ ನನ್ನನ್ನು ಕರೆದ. "ನಿನ್ ಮೇಲೆ ಸಿಟ್ಟಿದೆ ಕಣೋ. ಹೋಗಿಲ್ಲ ಅದು," ಅಂದ. "ಕ್ರಾಡಕ್ ಹೊಡೆದಿದ್ರೆ ನಿಧಾನಕ್ಕೇ ಇಳೀತಿದ್ದೆ. ಅವರ ಏಟು ಏಟಷ್ಟೇ. ನೀನು ಹೊಡೀತೀಯಲ್ಲ, ಅದನ್ನ ತಡ್ಕೊಳ್ಳೋಕಾಗ್ಲಿಲ್ಲ." ದಿಂಬಿನ ಕೆಳಗಿಂದ ಇಸ್ಪೀಟಿನ ಕಟ್ಟು ತೆಗೆದು, "ಮುಂದಿನ ಭಾನುವಾರ ಬರ್ತೀಯಾ? ಇಲ್ಲಿ ಇಸ್ಪೀಟು ಆಡೋಕೆ ಯಾರೂ ಇಲ್ಲ," ಅಂದ.

ರೈಲಿನ ದಾರಿ ದೂರವಾದರೂ ಹೋಗುತ್ತೇನೆ. ಅಮ್ಮನ ಅಂಗಡಿಯಲ್ಲಿ ಮೀನು ತೊಳೆಯುವ ಕೆಲಸ ಸಿಕ್ಕಿದೆ. ಸಂಜೆ ಟೈನ್ ನದಿಯಲ್ಲಿ ಹಡಗುಗಳು ಹೊರಡುವಾಗ ಆ ಕಡೆ ನೋಡದ ಹಾಗೆ ಬೆನ್ನು ಹಾಕಿ ತೊಳೆಯುತ್ತೇನೆ. ನಿಮ್ಮ ಮಗ ಇನ್ನು ನಾವಿಕನಾಗುವುದಿಲ್ಲ ಅನಿಸುತ್ತದೆ. ನಿಮಗೆ ನಾಚಿಕೆಯಾಗಿದ್ದರೆ ನೇರವಾಗಿ ಬರೆದುಬಿಡಿ.

ಆಸ್ವಿನ್


ಎಸ್.ಎಸ್. 'ಹಾರ್ಟನ್ ಮೂರ್'
ಲಾಸ್ ಪಾಲ್ಮಾಸ್
೨೬ ನವೆಂಬರ್ ೧೯೫೪

ಆಸ್ವಿನ್, ನನ್ನ ಕಂದ,

ನಿನ್ನ ಕಾಗದವನ್ನು ಮೂರು ಸಲ ಓದಿದೆ. ಮೂರನೆಯ ಸಲ ಓದುವಾಗ ಅಡುಗೆಯವನು ಚಹಾ ತಂದು, ನನ್ನ ಮುಖ ನೋಡಿ, ಇಟ್ಟು ಓಡಿಹೋದ.

ನಾಚಿಕೆಯಾಗಿದೆಯೇ ಎಂದು ಕೇಳಿದ್ದೀಯ. ಆಗಿದೆ. ನಿನ್ನ ವಿಷಯಕ್ಕಲ್ಲ. ನಾನು ಹದಿನಾರನೇ ವಯಸ್ಸಿನಲ್ಲಿ ಸಹಿ ಮಾಡಿದೆ, ನೀನೂ ಹದಿನಾರಕ್ಕೆ ಮಾಡಿದೆ. ನೀನು ಏಳು ದಿನದಲ್ಲಿ ವಾಪಸ್ ಕೇಳಲು ಹೋದೆ. ನಾನು ಮೂವತ್ತಮೂರು ವರ್ಷವಾದರೂ ಹೋಗಿಲ್ಲ. ನೆವಿಲ್‌ನ ಕಾಲಿನಲ್ಲಿ ನನ್ನ ಪಾಲೂ ಇದೆ. 'ಹೊಡಿ' ಎಂದು ಬರೆದ ಕೈಯನ್ನು ನೋಡಿಕೊಂಡರೆ ಊಟ ಸೇರುವುದಿಲ್ಲ.

ಹಡಗಿನ ಮಾತಿಗೆ ಬಂದರೆ, ನಿನಗೆ ಸುಳ್ಳು ಹೇಳಲಾರೆ. ಆ ಪ್ರಮಾಣಪತ್ರ ಇಟ್ಟುಕೊಂಡು ನಿನ್ನನ್ನು ತೆಗೆದುಕೊಳ್ಳುವ ಕಂಪನಿ ನನಗೆ ಗೊತ್ತಿಲ್ಲ. ನಮ್ಮ ಕ್ಯಾಪ್ಟನನ್ನು ಕೇಳಿದೆ. ಆಗದು ಎಂದು ತಲೆಯಾಡಿಸಿದರು. ಮುಂದೆ ಯಾವತ್ತಾದರೂ ಸಿಗಬಹುದು, ಸಿಗದೆಯೂ ಇರಬಹುದು. ನೀನು ಬೆನ್ನು ಹಾಕಿ ಮೀನು ತೊಳೆಯುತ್ತೀಯ ಎಂದು ಓದಿ ಸಂಕಟವಾಯಿತು.

ಇನ್ನೊಂದು ವಿಷಯ. ಮಾಂಟೆವಿಡಿಯೊದಿಂದ ನಿನಗೆ ಬರೆದ ದಿನವೇ ವೈಟ್‌ಹೇವನ್‌ನ ಪಾದ್ರಿಗಳಿಗೂ ಒಂದು ಕಾಗದ ಹಾಕಿದ್ದೆ, ಟೈಸನ್ ಮನೆಯವರು ಯಾರಾದರೂ ಇದ್ದಾರೆಯೇ ಎಂದು. ಉತ್ತರ ಇಲ್ಲಿ ಕಾದಿತ್ತು. ಗಿಲ್ಬರ್ಟ್‌ನ ತಾಯಿ ಇದ್ದಾಳೆ. ಎಪ್ಪತ್ತಮೂರು ವರ್ಷ, ಒಂಟಿ. ಪ್ರತಿ ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ಮಗನ ಗೋರಿಯ ಹತ್ತಿರ ಹೋಗಿ ನಿಲ್ಲುತ್ತಾಳಂತೆ. ಪಾದ್ರಿಗಳು ಬರೆದಿದ್ದಾರೆ: ಆಕೆ ಅಲ್ಲಿ ಅಳುವುದಿಲ್ಲ, ಇವತ್ತಿಗೂ ಬೈಯುತ್ತಾಳೆ. "ಯಾಕೋ ಮಂಗಾಟ ಆಡೋಕೆ ಹೋದೆ, ನಿಂಗೆ ಬುದ್ಧಿ ಬೇಡ್ವಾ" ಎಂದು.

ಆಸ್ವಿನ್, ಆ ಹೆಂಗಸು ಮೂವತ್ತಮೂರು ವರ್ಷದಿಂದ ನನಗೆ ಬೀಳಬೇಕಾದ ಬೈಗುಳವನ್ನು ಸತ್ತ ಮಗನಿಗೆ ಬೈಯುತ್ತಿದ್ದಾಳೆ. ನೆವಿಲ್‌ನ ಅಮ್ಮ ಹದಿನೇಳು ದಿನಕ್ಕೆ ನಿಲ್ಲಿಸಿದಳು, ನೀನು ಹೋಗಿ ನಿಂತೆಯಲ್ಲ, ಅದಕ್ಕೆ. "ಮತ್ತೆ?" ಎಂದು ನಿಮ್ಮ ಕ್ಯಾಪ್ಟನ್ ಕೇಳಿದ್ದಕ್ಕೆ ಉತ್ತರ ಅದೇ ಇರಬೇಕು.

ಡಿಸೆಂಬರ್ ೧೧ಕ್ಕೆ ಲಿವರ್‌ಪೂಲಿನಲ್ಲಿ ನನ್ನನ್ನು ಬಿಡುಗಡೆ ಮಾಡುತ್ತಾರೆ. ಅಲ್ಲಿಂದ ವೈಟ್‌ಹೇವನ್‌ಗೆ ಅರ್ಧ ದಿನದ ರೈಲು. ಏನು ಹೇಳಬೇಕೆಂದು ದಿನಾ ಮನಸ್ಸಿನಲ್ಲೇ ಹೇಳಿ ನೋಡುತ್ತಿದ್ದೇನೆ. ಎರಡನೆಯ ಮಾತಿಗೇ ಬಿಟ್ಟು ಮತ್ತೆ ಮೊದಲಿನಿಂದ ಶುರು ಮಾಡುತ್ತೇನೆ. ಹಾರ್ನ್ ಭೂಶಿರ ಸುತ್ತಿದವನು, ಯುದ್ಧದಲ್ಲಿ ಎರಡು ಸಲ ನೀರಿಗೆ ಬಿದ್ದವನು, ಒಬ್ಬ ಮುದುಕಿಯ ಮನೆ ಬಾಗಿಲು ತಟ್ಟಲು ಹೆದರುತ್ತಿದ್ದೇನೆ.

ನಿನಗೆ ಆ ದಾರಿ ಗೊತ್ತು, ನೀನು ಹೋಗಿ ಬಂದವನು. ಅಮ್ಮನಿಗೆ ಹೇಳಿ ಎರಡು ಮೂರು ದಿನ ರಜೆ ತೆಗೆದುಕೊಂಡು ಲಿವರ್‌ಪೂಲಿಗೆ ಬರುತ್ತೀಯಾ? ಆಕೆಯ ಹತ್ತಿರ ಮಾತಾಡುವವನು ನಾನೇ. ನೀನು ಏನೂ ಹೇಳುವುದು ಬೇಡ, ಪಕ್ಕದಲ್ಲಿ ನಿಂತಿದ್ದರೆ ಸಾಕು.

ನಿನ್ನ ಅಪ್ಪ